3,41,000 ಕಿಮೀ ಓಡಿದ ಪ್ರಿಯಸ್ ತಂದಿದ್ದೀನಿ. ಬ್ಯಾಟರಿ ಸತ್ತಿದೆ, ಆಸೆ ಸತ್ತಿಲ್ಲ

#1 · ಹಳೇಗಾಲಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ಕೊಂಡು ಸುಮ್ಮನೆ ಹೋಗ್ತಿದ್ದೆ. ಈಗ ನಾನೇ ಕೈ ಸುಟ್ಟುಕೊಳ್ಳೋಕೆ ಹೊರಟಿದ್ದೀನಿ, ಅದಕ್ಕೇ ಈ ಪೋಸ್ಟ್.

ಗಾಡಿ 2005ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟರೂ ಎರಡೂ ಇರೋ ಹೈಬ್ರಿಡ್, ಎರಡನೇ ತಲೆಮಾರಿನದು, 1.5 ಲೀಟರ್. ಮೀಟರಲ್ಲಿ 3,41,000 ಕಿಮೀ. ನಾನು ನಾಲ್ಕನೇ ಯಜಮಾನ. ಗುಜರಿಗೆ ಹೋಗಬೇಕಿದ್ದದ್ದನ್ನ ಅಡ್ಡ ಹಾಕಿ ತಂದೆ. ಮುಂದಿನ ಎರಡೂ ಚಕ್ರ ಎತ್ತಿಸಿ ಟೋ ಮಾಡಿಸಿಕೊಂಡು ಬಂದದ್ದು. ಈ ಗಾಡೀಲಿ ಮುಂದಿನ ಚಕ್ರ ತಿರುಗಿದ್ರೆ ಮೋಟರೂ ಜೊತೇಲೇ ತಿರುಗುತ್ತೆ, ನ್ಯೂಟ್ರಲ್ ಅನ್ನೋದು ಹೆಸರಿಗೆ ಮಾತ್ರ.

ಡ್ಯಾಶ್‌ಬೋರ್ಡಲ್ಲಿ ಕೆಂಪು ತ್ರಿಕೋನ. ಸ್ಕ್ಯಾನರ್ ಹಾಕಿದ್ರೆ ಪಿ0ಎ80, ಪಿ3000, ಪಿ3016. ಮೊದಲನೇದು ಹೈಬ್ರಿಡ್ ಬ್ಯಾಟರಿ ಬದಲಿಸು ಅನ್ನುತ್ತೆ, ಕೊನೇದು ಆರನೇ ಬ್ಲಾಕ್ ಸೊರಗಿದೆ ಅನ್ನುತ್ತೆ, ಅಷ್ಟು ಗೊತ್ತು. ಮಾರಿದವರು "ಬ್ಯಾಟರಿ ಬಂದಾಗಿನಿಂದ ಒಂದು ಸಲಾನೂ ಬಿಚ್ಚಿಲ್ಲ" ಅಂತ ಆಣೆ ಇಟ್ಟಿದ್ದಾರೆ.

ಉಳಿದ ರೋಗಗಳು: ಹೆಡ್‌ಲೈಟ್ ಹಳದಿ. ಡ್ರೈವರ್ ಸೀಟಿನ ಫೋಮ್ ಎಡಗಡೆ ಕುಸಿದು, ಕೂತ್ರೆ ಬಾಗಿಲ ಕಡೆ ಜಾರೋ ಹಾಗಿದೆ. ಸ್ಟೇರಿಂಗ್ ಚರ್ಮ ಸುಲಿದಿದೆ. ಸ್ಪೀಡೋಮೀಟರ್ ಕೆಲವು ಸಲ ಕತ್ತಲು. ಡಿಕ್ಕಿ ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ. ಆಮೇಲೆ ಎಡಕ್ಕೆ ತಿರುಗಿಸಿದಾಗ ಬಲ ಹಿಂಬದಿಯಿಂದ ಒಂದೇ ಒಂದು "ಟಣ್". ಬಲಕ್ಕೆ ತಿರುಗಿಸಿದ್ರೆ ಇಲ್ಲ. ಖರೀದಿ ಮಾಡೋವಾಗ ಅವರ ಅಂಗಳದಲ್ಲಿ ಎರಡು ಸುತ್ತು ಹೊಡೆದೆ, ಎರಡು ಸಲಾನೂ ಕೇಳಿಸ್ತು.

ನನ್ನ ಪ್ಲಾನು: ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್, 17 ಇಂಚಿನ ಅಲಾಯ್ ಚಕ್ರ, ಬರೀ ಬ್ಯಾಟರಿಯಲ್ಲೇ ಓಡಿಸೋ ಇವಿ ಸ್ವಿಚ್ಚು. ಮುಂದೆ ಸಾಧ್ಯವಾದ್ರೆ ಮನೆ ಕರೆಂಟಿಗೆ ಸಿಕ್ಕಿಸಿ ಚಾರ್ಜ್ ಮಾಡೋ ಪ್ಲಗ್-ಇನ್ ಮಾಡೋದು. ಎಲ್ಲಿಂದ ಶುರು ಮಾಡ್ಲಿ?

#2 · ಗಾಳಿಪಟ

ಗುರು, ಸೂಪರ್! ಅಲಾಯ್‌ನಿಂದಲೇ ಶುರು ಮಾಡು. ಗಾಡಿ ಕುಂತ ಭಂಗಿ ಚೆನ್ನಾಗಿದ್ರೆ ಉಳಿದ ಕೆಲಸಕ್ಕೆ ಹುಮ್ಮಸ್ಸು ತಾನಾಗೇ ಬರುತ್ತೆ. ಫೋಟೋ ಹಾಕು.

#3 · ಪಾನಾ ನಂ 10

ಓಡದ ಗಾಡಿಗೆ ಅಲಾಯ್ ಯಾಕಪ್ಪಾ.

ಹಳೇಗಾಲಿ ಅವರೇ, ಮೊದಲು ಹೈಬ್ರಿಡ್ ಬ್ಯಾಟರಿ ಮರೆತುಬಿಡಿ, 12 ವೋಲ್ಟಿನದ್ದು ನೋಡಿ. ಡಿಕ್ಕಿಯ ಬಲ ಮೂಲೇಲಿ, ಮುಚ್ಚಳದ ಕೆಳಗಿರುತ್ತೆ. ಈ ಗಾಡೀಲಿ ಇಂಜಿನ್ನನ್ನ ತಿರುಗಿಸಿ ಎಬ್ಬಿಸೋದು ದೊಡ್ಡ ಬ್ಯಾಟರಿ. 12 ವೋಲ್ಟಿನದು ಕಂಪ್ಯೂಟರುಗಳನ್ನ ಎಬ್ಬಿಸುತ್ತೆ ಅಷ್ಟೇ. ಅದು ಸೊರಗಿದ್ರೆ ಕಂಪ್ಯೂಟರುಗಳು ಹುಚ್ಚುಹುಚ್ಚಾಗಿ ಮಾತಾಡ್ತವೆ, ಸಂಬಂಧವೇ ಇಲ್ಲದ ಕೋಡ್ ತೋರಿಸ್ತವೆ. ಎಷ್ಟೋ ಜನ ಅದನ್ನ ನೋಡದೆ ಮೋಟರಿಗೆ ಕರೆಂಟ್ ಕೊಡೋ ಇನ್ವರ್ಟರ್‌ಗೆ ಕೈ ಹಾಕಿದ್ದಾರೆ.

ಇನ್ನೊಂದು: ಅದು ಪ್ರಯಾಣಿಕರ ಜೊತೆ ಒಳಗೇ ಕೂತಿರೋ ಬ್ಯಾಟರಿ. ಹಾಗಾಗಿ ಸೋರದ ಎಜಿಎಂ ಮಾದರಿಯದ್ದೇ ಬೇಕು, ಅನಿಲ ಹೊರಗೆ ಹೋಗೋ ಸಣ್ಣ ಪೈಪೂ ಸಿಕ್ಕಿಸಿರಬೇಕು. ಮಾಮೂಲಿ ಆಸಿಡ್ ಬ್ಯಾಟರಿ ತಂದು ಕೂರಿಸಿದ್ರೆ ಅದರ ಹೊಗೆ ನಿಮ್ಮ ಮೂಗಿಗೆ. ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾಗದಂತೆ ಮೂರು ಸಲ ನೋಡಿಕೊಳ್ಳಿ. ಒಂದು ಕ್ಷಣದ ತಪ್ಪು ಸಾಕು, ಇನ್ವರ್ಟರಿನೊಳಗಿನ ಡಿಸಿ ಕನ್ವರ್ಟರ್ ಹೋಗುತ್ತೆ. ಆಮೇಲೆ ಇಡೀ ಗಾಡಿಗಿಂತ ಅದೇ ದುಬಾರಿ.

ಸ್ಪೀಡೋಮೀಟರ್ ಕತ್ತಲಾಗೋದು ಈ ವಯಸ್ಸಿನ ಗಾಡಿಗಳ ಗೊತ್ತಿರೋ ಕಾಯಿಲೆ, ಮೀಟರ್ ಬೋರ್ಡಿನ ಒಂದು ಕೆಪಾಸಿಟರ್ ದಣಿದಿರುತ್ತೆ. ಸೋಲ್ಡರಿಂಗ್ ಬರೋರು ಇದ್ರೆ ಒಂದು ಸಂಜೆ ಕೆಲಸ.

"ಟಣ್" ಬಗ್ಗೆ ಕೇಳದೆ ಹೇಳೋಕಾಗಲ್ಲ. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ನಟ್ ನೋಡಿ.

#4 · ವೋಲ್ಟಮ್ಮ

12 ವೋಲ್ಟ್ ವಿಷಯ ಪಾನಾ ಅವರು ಹೇಳಿದ್ದು ಸರಿ. ಆದರೆ ಪಿ3016 ಇದ್ದ ಮೇಲೆ ದೊಡ್ಡ ಬ್ಯಾಟರಿ ಬಿಚ್ಚೋದು ತಪ್ಪಲ್ಲ. ಬಿಚ್ಚೋ ಮುಂಚೆ ಇದನ್ನ ದಯವಿಟ್ಟು ಪೂರ್ತಿ ಓದಿ.

ಒಳಗಿರೋದು 28 ನಿಕ್ಕಲ್ ಮೆಟಲ್ ಹೈಡ್ರೈಡ್ ಮಾಡ್ಯೂಲು. ಒಂದೊಂದರಲ್ಲಿ 1.2 ವೋಲ್ಟಿನ 6 ಸೆಲ್ಲು, ಅಂದ್ರೆ 7.2 ವೋಲ್ಟ್. ಎರಡೆರಡು ಮಾಡ್ಯೂಲು ಸೇರಿ ಒಂದು ಬ್ಲಾಕು, ಎಲ್ಲ ಸಾಲಾಗಿ ಸೇರಿ 201.6 ವೋಲ್ಟ್. ಇದು ಡಿಸಿ. ಹೃದಯದ ಮೂಲಕ ಹಾದರೆ ಎರಡನೇ ಅವಕಾಶ ಕೊಡಲ್ಲ.

ಗಾಡಿ ಆಫ್ ಮಾಡಿ, ಸ್ಮಾರ್ಟ್ ಕೀ ದೂರ ಇಡಿ. 12 ವೋಲ್ಟಿನ ನೆಗೆಟಿವ್ ಕಳಚಿ. ಆಮೇಲೆ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆದು ನಿಮ್ಮ ಜೇಬಿಗೇ ಹಾಕ್ಕೊಳ್ಳಿ, ಬೆಂಚಿನ ಮೇಲಿಟ್ಟರೆ ಯಾರಾದರೂ ಸಹಾಯ ಮಾಡ್ತೀನಿ ಅಂತ ವಾಪಸ್ ಸಿಕ್ಕಿಸಿಬಿಡ್ತಾರೆ. ಇನ್ವರ್ಟರಿನ ಕೆಪಾಸಿಟರ್ ಖಾಲಿಯಾಗೋಕೆ 10 ನಿಮಿಷ ಕಾಯಿರಿ. ಕೈಗೆ 1000 ವೋಲ್ಟ್ ತಡೆಯೋ ರಬ್ಬರ್ ಗ್ಲೌಸ್, ಊದಿ ನೋಡಿ ತೂತಿಲ್ಲ ಅಂತ ಖಾತ್ರಿ ಮಾಡ್ಕೊಂಡು. ಉಂಗುರ, ವಾಚು, ಸರ ಏನೂ ಮೈಮೇಲೆ ಬೇಡ.

ಜನ ತಪ್ಪು ತಿಳಿಯೋದು ಒಂದೇ ಕಡೆ: ಪ್ಲಗ್ ಕಿತ್ತ ತಕ್ಷಣ ಬ್ಯಾಟರಿ ಸತ್ತಿತು ಅಂದುಕೊಳ್ತಾರೆ. ಪ್ಲಗ್ ಸಾಲನ್ನ ನಡುವೆ ತುಂಡು ಮಾಡುತ್ತೆ, ಅಷ್ಟೇ. ತುಂಡಾದ ಎರಡು ಭಾಗದಲ್ಲೂ ವೋಲ್ಟೇಜ್ ಹಾಗೇ ಇರುತ್ತೆ. ಬಸ್ ಬಾರ್‌ಗಳನ್ನ (ಮಾಡ್ಯೂಲುಗಳನ್ನ ಒಂದಕ್ಕೊಂದು ಜೋಡಿಸೋ ಲೋಹದ ಪಟ್ಟಿಗಳು) ಬಿಚ್ಚಿ ಮಾಡ್ಯೂಲುಗಳನ್ನ ಬಿಡಿಬಿಡಿ ಮಾಡೋತನಕ ಹುಲಿ ಬೋನಿನೊಳಗೆ ಇನ್ನೂ ಜೀವಂತ ಇದೆ ಅಂದುಕೊಳ್ಳಿ.

#5 · ಹಳೇಗಾಲಿ

ಪಾನಾ ಅವರ ಬಾಯಿಗೆ ಸಕ್ಕರೆ ಹಾಕಬೇಕು. 12 ವೋಲ್ಟ್ ಬ್ಯಾಟರಿ 11.1 ತೋರಿಸ್ತಿತ್ತು. ಅದೂ ಬೇರೆ ಯಾವುದೋ ಕಾರಿನ ಮಾಮೂಲಿ ಆಸಿಡ್ ಬ್ಯಾಟರಿ, ಗಾಳಿ ಪೈಪು ಪಕ್ಕದಲ್ಲಿ ಅನಾಥವಾಗಿ ನೇತಾಡ್ತಿತ್ತು. ಅದರ ಕೆಳಗೆ ಎರಡು ಬೆರಳು ನೀರು ನಿಂತಿದೆ. ವಾಸನೆ ಅದರದ್ದೇ. ನೀರು ಎಲ್ಲಿಂದ ಬರ್ತಿದೆ ಇನ್ನೂ ಗೊತ್ತಾಗಿಲ್ಲ.

ಹೊಸ ಎಜಿಎಂ ಹಾಕಿದೆ. ಕೋಡ್ ಅಳಿಸಿ ಓಡಿಸಿದೆ. ಎರಡು ದಿನ ಸುಮ್ಮನಿತ್ತು, ಮೂರನೇ ದಿನ ತ್ರಿಕೋನ ವಾಪಸ್. ಸರಿ, ಬಿಚ್ಚೋದೇ ಅಂತ ನಿರ್ಧಾರ ಮಾಡಿದ್ದೀನಿ. ಗ್ಲೌಸ್ ಬಂದಿದೆ.

ಮಧ್ಯೆ ಒಂದು ಗ್ಯಾರೇಜಿಗೆ ತೋರಿಸಿದೆ. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ "ನಾಲ್ಕೂ ಸಿಲಿಂಡರ್ ಕಮ್ಮಿ ಇದೆ, ಇಂಜಿನ್ ಇಳಿಸಬೇಕು" ಅಂದ್ರು. ಎದೆ ಧಸಕ್ಕಂತು.

#6 · ಪಾನಾ ನಂ 10

ಇಂಜಿನ್ ಇಳಿಸಬೇಡಿ. ನಾಲ್ಕೂ ಒಂದೇ ಸಮ ಕಮ್ಮಿ ಇದ್ಯಾ? ಹಾಗಾದ್ರೆ ಅವರು ಬೇರೆ ಇಂಜಿನ್ನಿನ ಅಳತೆಗೋಲು ಹಿಡಿದು ಇದನ್ನ ಅಳೆದಿದ್ದಾರೆ.

ಇದು ಅಟ್ಕಿನ್ಸನ್ ಪದ್ಧತಿ. ಪಿಸ್ಟನ್ ಮೇಲಕ್ಕೆ ಹೊರಟ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತೆ, ಒಳಗೆ ಬಂದ ಗಾಳಿಯ ಒಂದು ಪಾಲು ಬಂದ ದಾರೀಲೇ ವಾಪಸ್ ಹೋಗುತ್ತೆ. ಕಾಗದದ ಮೇಲೆ 13:1 ಅನುಪಾತ, ಆದರೆ ನಿಜವಾಗಿ ಅದುಮಿಸಿಕೊಳ್ಳೋ ಗಾಳಿ ಕಮ್ಮಿ. ಗೇಜ್ ಕಮ್ಮಿ ತೋರಿಸೋದು ಅದರ ಹುಟ್ಟುಗುಣ. ಇದೇ ಇಂಜಿನ್ನಿನ ಮ್ಯಾನುಯಲ್ ಜೊತೆ ಹೋಲಿಸಿ, ಒಂದಕ್ಕೊಂದು ಎಷ್ಟು ವ್ಯತ್ಯಾಸ ನೋಡಿ. ಒಂದು ಮಾತ್ರ ಬಿದ್ದಿದ್ರೆ ಚಿಂತೆ ಮಾಡಿ.

ಥ್ರಾಟಲ್ ಬಾಡಿ ತೊಳೆಯಿರಿ, ಇಂಜಿನ್ನಿನೊಳಗಿನ ಹೊಗೆಯನ್ನ ವಾಪಸ್ ಎಳೆಯೋ ಪಿಸಿವಿ ವಾಲ್ವ್ ಬದಲಿಸಿ, ಸ್ಪಾರ್ಕ್ ಪ್ಲಗ್ ಬದಲಿಸಿ. ಅಷ್ಟು ಸಾಕು.

#7 · ತೇಲುಮೋಡ

ಬಾನೆಟ್ ತೆರೆದಿದ್ದೀರಲ್ವಾ ಮಾರಾಯ್ರೆ, ಹಾಗೇ ಇನ್ವರ್ಟರ್ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ. ಗಾಡಿ ರೆಡಿಯಲ್ಲಿರುವಾಗ (ಓಡ್ಲಿಕ್ಕೆ ಸಿದ್ಧ ಅಂತ ದೀಪ ಬಂದಾಗ) ಅದರೊಳಗೆ ನೀರು ಕುಣೀತಾ ಇರ್ಬೇಕು. ಸುಮ್ಮನೆ ನಿಂತಿದೆ ಅಂತಾದ್ರೆ ಪಂಪು ಸತ್ತಿದೆ ಅಂತ ಲೆಕ್ಕ. ಇಂಜಿನ್ನಿಗೆ ಬೇರೆ ಕೂಲೆಂಟ್ ಸರ್ಕೀಟು, ಇನ್ವರ್ಟರಿಗೆ ಬೇರೆ, ಹಾಗಾಗಿ ಟೆಂಪರೇಚರ್ ದೀಪ ನೋಡಿ ಇದು ಗೊತ್ತಾಗ್ಲಿಕ್ಕಿಲ್ಲ. ಈ ತಲೆಮಾರಿನ ಗಾಡಿಗಳನ್ನು 2012ರಲ್ಲಿ ಇದೇ ಪಂಪಿಗೋಸ್ಕರ ಕಂಪನಿಯವರು ವಾಪಸ್ ಕರೆಸಿದ್ದುಂಟು. ನಿಮ್ಮದರಲ್ಲಿ ಬದಲಾಗಿದೆಯಾ ಅಂತ ನೋಡಿ.

ಬ್ರೇಕ್ ಬಗ್ಗೆ ಒಂದು ಮಾತು. ಪ್ಯಾಡ್ ಹೊಸದರ ಹಾಗೆ ಕಾಣ್ತದೆ, ಮೋಟರೇ ಅರ್ಧ ಕೆಲಸ ಮಾಡುವುದರಿಂದ ಸವೆಯುವುದು ಕಮ್ಮಿ. ಅದನ್ನು ನೋಡಿ ಖುಷಿಯಾಗಿ ಹೋಗ್ಬೇಡಿ. ಬಳಕೆಯಿಲ್ಲದೆ ಡಿಸ್ಕಿಗೆ ತುಕ್ಕು ಹಿಡಿದು, ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಕಚ್ಚಿಕೊಂಡಿರ್ತದೆ. ಬಿಚ್ಚಿ, ತಿಕ್ಕಿ, ಗ್ರೀಸ್ ಹಾಕ್ಬೇಕು. ಕ್ಯಾಲಿಪರ್ ಬಿಚ್ಚಿ ಕೂತಿರುವಾಗ ಯಾರೂ ಬಾಗಿಲು ತೆಗೀಬಾರ್ದು. ಡ್ರೈವರ್ ಬಾಗಿಲು ತೆಗೆದ್ರೆ ಸಾಕು, ಬ್ರೇಕ್ ಪಂಪು ಎದ್ದು ಗುರ್ರ್ ಅಂತ ಒತ್ತಡ ತುಂಬ್ತದೆ. ನನ್ನ ತಮ್ಮ ಫೋನ್ ತೆಗೀಲಿಕ್ಕೆ ಅಂತ ಬಾಗಿಲು ತೆಗೆದ. ಪಿಸ್ಟನ್ ಹೊರಗೆ ಬಂದು ಎಣ್ಣೆಯೆಲ್ಲ ನನ್ನ ಮಡಿಲಿಗೆ.

#8 · ಹಳೇಗಾಲಿ

ಬಿಚ್ಚಿದೆ. ಹೇಳೋಕೆ ಬಹಳ ಇದೆ.

ಮೊದಲು ಫ್ಯಾನು. ಹಿಂದಿನ ಸೀಟಿನ ಬಲ ಪಕ್ಕದಲ್ಲಿ ಒಂದು ಜಾಲರಿ ಇರುತ್ತೆ, ಬ್ಯಾಟರಿ ಗಾಳಿ ಎಳೆಯೋದು ಅಲ್ಲಿಂದಲೇ. ಅದರ ಹಿಂದಿನ ಫ್ಯಾನ್ ಬಿಚ್ಚಿ ಕೈಗೆ ತಗೊಂಡ್ರೆ, ರೆಕ್ಕೆಗಳ ನಡುವೆ ಬೂದು ಬಣ್ಣದ ನಾಯಿ ಕೂದಲು ನಮದಾ ಥರ ಒತ್ತಿ ಕೂತಿದೆ. ಬೆರಳಿನಿಂದ ಎಳೆದ್ರೆ ಪಟ್ಟಿಪಟ್ಟಿಯಾಗಿ ಬರುತ್ತೆ. ಪೈಪಿನೊಳಗೆ ಇಲಿ ಗೂಡು: ಟಿಶ್ಯೂ ಚೂರು, ಸೀಟಿನ ಫೋಮು, ಒಂದು ಪಾರ್ಕಿಂಗ್ ಚೀಟಿ. ಜನ ಗುಡ್ಡ ಅಗೆದು ಇಲಿ ಹಿಡೀತಾರೆ, ನಾನು ಇಲಿ ಗೂಡು ತೆಗೆದು ಗುಡ್ಡದಷ್ಟು ಕೆಲಸ ಹಿಡಿದುಕೊಂಡೆ. ಬ್ಯಾಟರಿ ಎಷ್ಟು ವರ್ಷ ಉಸಿರು ಕಟ್ಟಿಕೊಂಡು ದುಡಿದಿದೆಯೋ.

ಆಮೇಲೆ ಮುಚ್ಚಳ. ಬಸ್ ಬಾರ್‌ಗಳೆಲ್ಲ ಕಪ್ಪು, ನಡುನಡುವೆ ಹಸಿರು ಪುಡಿ. ಆರನೇ ಬ್ಲಾಕಿನ ಒಂದು ಮಾಡ್ಯೂಲ್ 6.4 ವೋಲ್ಟ್, ಉಳಿದವು 7.7ರ ಆಸುಪಾಸು. ಅಂದ್ರೆ ಒಂದು ಸೆಲ್ ಪೂರ್ತಿ ಸತ್ತಿದೆ, ಅಲ್ವಾ?

ಇನ್ನೊಂದು ಸ್ವಾರಸ್ಯ. 28 ಮಾಡ್ಯೂಲುಗಳ ಪೈಕಿ 25ರ ನಂಬರುಗಳು ಒಂದೇ ಸರಣಿಯವು. ಮೂರರದ್ದು ಮಾತ್ರ ಬೇರೆ, ಮೇಲೆ ಯಾರೋ ಮಾರ್ಕರಿನಲ್ಲಿ ಟಿಕ್ ಹಾಕಿದ್ದಾರೆ. "ಒಂದು ಸಲಾನೂ ಬಿಚ್ಚಿಲ್ಲ" ಅಂದ ಬ್ಯಾಟರಿ ಇದು.

ನನ್ನ ಯೋಚನೆ: ಬಳಸಿದ ಎರಡು ಮಾಡ್ಯೂಲ್ ತಂದು ಆರನೇ ಬ್ಲಾಕಿಗೆ ಹಾಕಿ ಮುಚ್ಚೋದು. ಉಳಿದ ದುಡ್ಡಿಗೆ ಅಲಾಯ್.

#9 · ವೋಲ್ಟಮ್ಮ

ಬೇಡ. ಒಂದು ಸೆಲ್ ಸತ್ತಿರೋದು ನಿಜ. ಆದರೆ ಉಳಿದ 27 ಚೆನ್ನಾಗಿವೆ ಅಂತ 7.7 ನೋಡಿ ತೀರ್ಮಾನ ಮಾಡಬೇಡಿ. ಸುಮ್ಮನೆ ಕೂತ ಮಾಡ್ಯೂಲ್ ಎಲ್ಲವೂ ಸಂಭಾವಿತವೇ. ಪ್ರತಿಯೊಂದಕ್ಕೂ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ ಎರಡು ನಿಮಿಷ ಉರಿಸಿ, ಎಷ್ಟು ಇಳೀತು ಬರೆದಿಡಿ. ಆಗ ಗೊತ್ತಾಗುತ್ತೆ.

#10 · ಗಾಳಿಪಟ

ಅಲಾಯ್ ಅಂದ್ರಾ? ನಾನು ನಿಮ್ಮ ಜೊತೆ ಇದ್ದೀನಿ ಗುರು.

#11 · ಹಳೇಗಾಲಿ

ಕ್ಷಮಿಸಿ ವೋಲ್ಟಮ್ಮ ಮೇಡಂ, ನಿಮ್ಮ ಮಾತು ಮೀರಿ ಎರಡು ಮಾಡ್ಯೂಲ್ ಮಾತ್ರ ಹಾಕಿದೆ. ಬಸ್ ಬಾರ್‌ಗಳನ್ನ ವಿನೆಗರ್-ಉಪ್ಪಿನ ನೀರಲ್ಲಿ ನೆನೆಸಿ ಫಳಫಳ ಮಾಡಿ ಹಾಕಿದೆ. ಕೊನೇಲಿ ರೆಡಿ ಬರಲೇ ಇಲ್ಲ, ಅರ್ಧ ದಿನ ತಲೆ ಕೆಡಿಸಿಕೊಂಡೆ. ಸರ್ವಿಸ್ ಪ್ಲಗ್ಗಿನ ಹಿಡಿಯನ್ನ ಎತ್ತಿ ಮಡಿಚಿದ ಮೇಲೆ ಇನ್ನೊಂದು ಸಲ ಕೆಳಕ್ಕೆ ಜಾರಿಸಿ ಲಾಕ್ ಮಾಡಬೇಕಂತೆ. ಜಾರಿಸಿದೆ, ಬಂತು. ಈಗ ಬೆಣ್ಣೆ ಥರ ಓಡ್ತಿದೆ.

#12 · ಹಳೇಗಾಲಿ

23 ದಿನ. ಸರಿಯಾಗಿ 23 ದಿನ ಓಡಿತು. ಈಗ ಪಿ0ಎ80 ಜೊತೆಗೆ ಪಿ3020. ಹತ್ತನೇ ಬ್ಲಾಕು.

ಯಾರೂ ಬೈಯಬೇಡಿ, ಮನೇಲಿ ಆಗಿದೆ.

#13 · ಪಾನಾ ನಂ 10

ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗಾಯ್ತು ನೋಡಿ.

#14 · ವೋಲ್ಟಮ್ಮ

ಬೈಯೋದಿಲ್ಲ, ಎಲ್ಲರೂ ಒಮ್ಮೆ ಈ ದಾರೀಲಿ ಹೋಗಿಯೇ ಬರ್ತಾರೆ. ನಿಮಗಿಂತ ಮುಂಚೆ ಮಾರ್ಕರಿನಲ್ಲಿ ಟಿಕ್ ಹಾಕಿದವರೂ ಹೋಗಿದ್ದರು.

ಯಾಕೆ ಹೀಗಾಗುತ್ತೆ ಅಂದ್ರೆ, 28 ಮಾಡ್ಯೂಲ್ ಒಂದೇ ಸಾಲಲ್ಲಿವೆ. ಒಂದರಿಂದ ಎಷ್ಟು ಕರೆಂಟ್ ಹೋಗುತ್ತೋ ಅಷ್ಟೇ ಎಲ್ಲದರಿಂದಲೂ. ಒಂದರ ಧಾರಣಶಕ್ತಿ 5 ಆಂಪಿಯರ್-ಅವರ್, ಇನ್ನೊಂದರದ್ದು 2 ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ಇಡೀ ಬ್ಯಾಟರಿಯನ್ನ ಸುಮಾರು 40ರಿಂದ 80 ಪ್ರತಿಶತದ ನಡುವೆ ಆಡಿಸುತ್ತೆ, ಹೆಚ್ಚಿನ ಹೊತ್ತು 60ರ ಸುತ್ತ. ದೊಡ್ಡದಕ್ಕೆ ಅದು ಆರಾಮ. ಸಣ್ಣದು ಅಷ್ಟೇ ಕರೆಂಟಿಗೆ ಒಮ್ಮೆ ತಳ ಕಾಣುತ್ತೆ, ಒಮ್ಮೆ ತುಂಬಿ ಚೆಲ್ಲುತ್ತೆ. ಚೆಲ್ಲಿದ್ದೆಲ್ಲ ಶಾಖ. ಬಿಸಿಯಾದದ್ದು ಇನ್ನೂ ಸೊರಗುತ್ತೆ, ಪಕ್ಕದವನ್ನೂ ಬಿಸಿ ಮಾಡುತ್ತೆ. ನೀವು ಗಟ್ಟಿ ಮಾಡ್ಯೂಲ್ ಹಾಕಿದಷ್ಟೂ ಉಳಿದ ಬಡವರ ಮೇಲೆ ಹೊರೆ ಜಾಸ್ತಿ. ಹತ್ತನೇ ಬ್ಲಾಕು ನಿನ್ನೆ ಕೆಟ್ಟದ್ದಲ್ಲ, ಆರನೆಯದು ಬೀಳೋವರೆಗೆ ಅದರ ಸರದಿ ಬಂದಿರಲಿಲ್ಲ.

ಈಗ 28ನ್ನೂ ಅಳೆಯಿರಿ. ಆಟಿಕೆ ವಿಮಾನದವರು ಬಳಸೋ ಹಾಬಿ ಚಾರ್ಜರ್ ಸಾಕು, 6 ಸೆಲ್ ನಿಕ್ಕಲ್ ಮೆಟಲ್ ಅಂತ ಸೆಟ್ ಮಾಡಿ. ತುಂಬಿಸಿ, 6 ವೋಲ್ಟಿನವರೆಗೆ ಖಾಲಿ ಮಾಡಿ, ಎಷ್ಟು ಹೊರಬಂತು ಬರೆಯಿರಿ. ಮೂರು ಸುತ್ತು. ಚಾರ್ಜ್ ಮಾಡುವಾಗ ಮಾಡ್ಯೂಲುಗಳನ್ನ ಒತ್ತಟ್ಟಿಗೆ ಬಿಗಿದಿರಬೇಕು, ಬಿಡಿಯಾಗಿ ಬಿಟ್ರೆ ಹೊಟ್ಟೆ ಉಬ್ಬಿಸ್ಕೊಳ್ತವೆ, ಮತ್ತೆ ಚೌಕಟ್ಟಿಗೆ ಕೂರಲ್ಲ. ಪಕ್ಕದಲ್ಲೇ ಇರಿ, ಹಚ್ಚಿಟ್ಟು ಎಲ್ಲಿಗೂ ಹೋಗಬೇಡಿ.

#15 · ಎರಡನೇ ಗೇರು

ನಂದೂ ಹಂಗ ಆಗಿತ್ತು ನೋಡ್ರಿ ಸಾಹೇಬ್ರ. ಮೂರು ಸುತ್ತು ಚಾರ್ಜ್ ಮಾಡಿ, ಐದು ಸತ್ತ ಮಾಡ್ಯೂಲ್ ತಗದು, ಹಳೇವ ಐದು ಹಾಕಿ, ಎರಡು ವರ್ಷ ಓಡಿಸೀನಿ. ಇನ್ನೂ ಓಡಾಕತ್ತೈತಿ. ಹೊಸಾ ಬ್ಯಾಟರಿನ ಬೇಕಂತ ಇಲ್ಲಿ ಎಲ್ಲಾರೂ ಹೇಳ್ತಾರ, ಖರೆ. ಆದ್ರ ಕೈಯಾಗ ಟೈಮ್ ಇದ್ದು ರೊಕ್ಕ ಇಲ್ಲದಾಂವ ಏನ್ ಮಾಡ್ಬೇಕ್ರಿ?

ನಟ್ ಬಿಗಿಮಾಡೂ ಮುಂದ ಹುಷಾರ್ರಿ. 8 ಎಂಎಂ ನಟ್ ಅದು, 5.4 ನ್ಯೂಟನ್ ಮೀಟರ್ ಅಷ್ಟ. ಕೈ ಭಾರ ಆತು ಅಂದ್ರ ಪ್ಲಾಸ್ಟಿಕಿನ್ಯಾಗಿಂದ ಬೋಲ್ಟೇ ಕಿತ್ತ್ ಬರ್ತೈತಿ.

#16 · ಹಳೇಗಾಲಿ

ಎರಡನೇ ಗೇರು ಅಣ್ಣಾ, ನಿಮ್ಮ ಪೋಸ್ಟು ಒಂದು ಗಂಟೆ ಮುಂಚೆ ಬಂದಿದ್ರೆ ಒಂದು ಮಾಡ್ಯೂಲ್ ಉಳೀತಿತ್ತು. ಮಾಮೂಲಿ ರಾಚೆಟ್ಟಲ್ಲಿ ತಿರುಗಿಸಿದೆ. "ಟಕ್". ಕೈಯಲ್ಲಿ ನಟ್ಟೂ ಇದೆ, ಬೋಲ್ಟಿನ ತುಂಡೂ ಇದೆ.

ಅಳತೆ ಶುರು ಮಾಡಿದ್ದೀನಿ. ನಾಲ್ಕು ಚಾರ್ಜರ್. ತುಂಬಿಸೋದು ಎರಡು-ಮೂರು ಗಂಟೆ. ಖಾಲಿ ಮಾಡೋದು ಮಾತ್ರ ರಾತ್ರಿಯಿಡೀ, ಈ ಚಾರ್ಜರುಗಳು ಮುಕ್ಕಾಲು ಆಂಪಿಯರ್ ಮೇಲೆ ಎಳೆಯಲ್ಲ. ಮೂಲೇಲಿ ಒಂದು ಕುರ್ಚಿ ಹಾಕ್ಕೊಂಡು ಕಾಯ್ತಾ ಇದ್ದೀನಿ, ಹಳೇ ನೋಟ್‌ಬುಕ್ಕಲ್ಲಿ ಕಾಲಂ ಎಳೆದು ಬರೀತಾ. ಮನೆಯವರು ಇದನ್ನ "ಬಾಣಂತಿ ಕೋಣೆ" ಅಂತ ಕರೀತಿದ್ದಾರೆ.

#17 · ಹಳೇಗಾಲಿ

ಮೂರು ವಾರದ ಮೇಲೆ ಲೆಕ್ಕ ಸಿಕ್ಕಿತು. ಹೊಸದಾಗಿದ್ದಾಗ ಒಂದೊಂದೂ 6500 ಮಿಲಿ ಆಂಪಿಯರ್-ಅವರ್. ಮೂರನೇ ಸುತ್ತಿನಲ್ಲಿ ನನಗೆ ಸಿಕ್ಕ ಅತಿ ಹೆಚ್ಚು 5200. ಅತಿ ಕಮ್ಮಿ 1350. ಹದಿನಾಲ್ಕು 4000ದ ಮೇಲಿವೆ, ಒಂಬತ್ತು 3000ಕ್ಕಿಂತ ಕೆಳಗೆ, ಉಳಿದವು ನಡುವೆ.

ಅಚ್ಚರಿ ಏನು ಗೊತ್ತಾ? ಕೆಳಗಿನ ಒಂಬತ್ತರಲ್ಲಿ ಏಳು, ಸಾಲಿನ ನಡುಭಾಗದವು. ಮೂಲೆಯವು ತಣ್ಣಗೆ ಬದುಕಿವೆ, ನಡುವಿನವು ಬೆಂದಿವೆ. ನಾಯಿ ಕೂದಲಿನ ಕೆಲಸ.

ಎರಡು ವಾರ ಸುಮ್ಮನೆ ಬಿಟ್ಟು ಮತ್ತೆ ಅಳೆದೆ. 4000 ದಾಟಿದವುಗಳಲ್ಲೇ ಇನ್ನೂ ಮೂರು ತಾವಾಗೇ ಸೋರಿಕೊಂಡು 7.3ಕ್ಕೆ ಬಂದಿವೆ. ಅಲ್ಲಿಗೆ ನಂಬಬಹುದಾದದ್ದು ಹನ್ನೊಂದು. ಹನ್ನೊಂದು ಇಟ್ಕೊಂಡು ಹದಿನೇಳು ಹುಡುಕೋದು, ಆ ಹದಿನೇಳರ ಜಾತಕ ಯಾರಿಗೆ ಗೊತ್ತು.

ಅಲಾಯ್ ಮತ್ತು ಸ್ಪ್ರಿಂಗಿಗೆ ಎತ್ತಿಟ್ಟಿದ್ದ ದುಡ್ಡು ಅಷ್ಟೂ ಹೊಸ 28 ಮಾಡ್ಯೂಲಿಗೆ ಹೋಯ್ತು. ಗಾಳಿಪಟ, ಕ್ಷಮೆ ಇರಲಿ ತಮ್ಮಾ.

#18 · ಗಾಳಿಪಟ

ಪರವಾಗಿಲ್ಲ ಗುರು 😞 ಆದ್ರೂ 15 ಇಂಚಲ್ಲೇ ಚೆನ್ನಾಗಿರೋ ವೀಲ್ ಸಿಗ್ತವೆ, ಸುಮ್ಮನೆ ಹೇಳ್ದೆ.

#19 · ಪಾನಾ ನಂ 10

ಈ ಸಲ ಗಾಳಿಪಟ ಹೇಳಿದ್ದು ಒಪ್ಪುವ ಮಾತು. 185/65 ಆರ್15 ಇದರ ಟೈರ್ ಅಳತೆ, ಹಗುರವಾದ 15 ಇಂಚಿನ ಚಕ್ರ ಹಾಕಿದ್ರೆ ನಷ್ಟವಿಲ್ಲ. 17ಕ್ಕೆ ಹೋದ್ರೆ ಭಾರ ಹೆಚ್ಚುತ್ತೆ, ಟೈರ್ ಅಗಲ ಆಗುತ್ತೆ. ಹೈಬ್ರಿಡ್ ಇಟ್ಕೊಂಡು ಮೈಲೇಜ್ ಕಳ್ಕೊಳ್ಳೋಕೆ ಅದಕ್ಕಿಂತ ಸುಲಭ ದಾರಿ ಇಲ್ಲ.

ಬ್ಯಾಟರಿ ಕೆಳಗಿಳಿಸಿರೋವಾಗಲೇ ಗೇರ್ ಎಣ್ಣೆ ಬದಲಿಸಿ. ಎಟಿಎಫ್ ಡಬ್ಲ್ಯುಎಸ್, 3.8 ಲೀಟರ್. ಬದಲಿಸಬೇಕಿಲ್ಲ ಅಂತ ಯಾರಾದರೂ ಹೇಳಿದ್ರೆ ಹಳೇ ಎಣ್ಣೆಯ ಬಣ್ಣ ತೋರಿಸಿ. ಅಡಿಯಲ್ಲಿ ಎರಡು ಡ್ರೈನ್ ಪ್ಲಗ್ ಪಕ್ಕಪಕ್ಕ ಇವೆ, ಒಂದು ಎಣ್ಣೆಯದು, ಒಂದು ಇನ್ವರ್ಟರ್ ಕೂಲೆಂಟಿನದು. ಗುಲಾಬಿ ನೀರು ಬಂತು ಅಂದ್ರೆ ತಪ್ಪು ಬಾಗಿಲು ತಟ್ಟಿದ್ದೀರಿ ಅಂತ.

#20 · ಮೂರನೇ ಮಳಿಗೆ

ನಡುವೆ ಬಾಯಿ ಹಾಕ್ತಿದ್ದೀನಿ. ನಾನೂ ಹಳೇ ಹೈಬ್ರಿಡ್ ನೋಡ್ತಿದ್ದೀನಿ. ಎರಡನೇ ತಲೆಮಾರಿಗೆ ಇಷ್ಟು ಒದ್ದಾಟ ಇದ್ರೆ 2010ರ ಮೇಲಿನ ಮೂರನೇ ತಲೆಮಾರು ತಗೊಳ್ಳೋದು ಜಾಣತನ ಅಲ್ವಾ?

#21 · ಪಾನಾ ನಂ 10

ಅದರಲ್ಲಿ ಒದ್ದಾಟ ಬೇರೆ ಕಡೆ. 1.8 ಲೀಟರ್ ಇಂಜಿನ್, ಬೆಲ್ಟೇ ಇಲ್ಲ, ವಾಟರ್ ಪಂಪೂ ಕರೆಂಟಿನದ್ದು. ಚೆನ್ನಾಗಿದೆ. ಆದರೆ ಹೊಗೆಯ ಒಂದು ಪಾಲನ್ನ ಇಂಜಿನ್ನಿಗೆ ವಾಪಸ್ ಕಳಿಸೋ ಮುಂಚೆ ತಣಿಸೋ ಇಜಿಆರ್ ಕೂಲರ್ ಮಸಿಯಿಂದ ಕಟ್ಟಿಕೊಳ್ಳುತ್ತೆ, ಅದನ್ನ ತೊಳೆಯದೆ ಬಿಟ್ಟ ಗಾಡಿಗಳಲ್ಲಿ ಹೆಡ್ ಗ್ಯಾಸ್ಕೆಟ್ ಹೋಗೋದು ಹೆಚ್ಚು. ನೋಡೋಕೆ ಹೋದಾಗ ಬೆಳಗ್ಗೆ ತಣ್ಣಗಿರೋ ಗಾಡಿಯನ್ನೇ ಸ್ಟಾರ್ಟ್ ಮಾಡಿಸಿ. ಮೊದಲ ಕೆಲವು ಸೆಕೆಂಡ್ ಗಡಗಡ ನಡುಗಿ ಆಮೇಲೆ ಸರಿಹೋದ್ರೆ, ಕೂಲೆಂಟ್ ಸಿಲಿಂಡರಿನೊಳಗೆ ಇಳೀತಿದೆ ಅಂತ ಅನುಮಾನ ಪಡಿ. "ನೀವು ಬರ್ತೀರಿ ಅಂತ ಬಿಸಿ ಮಾಡಿಟ್ಟಿದ್ದೆ" ಅನ್ನೋ ಮಾರಾಟಗಾರ ಸಿಕ್ಕಿದ್ರೆ ಹಾಗೇ ವಾಪಸ್ ಬನ್ನಿ.

ಇದಕ್ಕೆ ಬೇರೆ ಚರ್ಚೆ ತೆಗೀರಿ, ಇಲ್ಲಿ ಹಳೇಗಾಲಿಯವರ ಕತೆ ನಡೀಲಿ.

#22 · ಹಳೇಗಾಲಿ

ಹೊಸ ಮಾಡ್ಯೂಲ್ ಹಾಕಿ ಆರು ವಾರ ಆಯ್ತು, ತ್ರಿಕೋನ ಬಂದಿಲ್ಲ. ಈ ಸಲ ಟಾರ್ಕ್ ಪಾನಾ ಇಟ್ಕೊಂಡೇ ಬಿಗಿದೆ. ವೋಲ್ಟೇಜ್ ಸೆನ್ಸ್ ಮಾಡೋ ವೈರಿನ ಪಟ್ಟಿಯನ್ನೂ ಬದಲಿಸಿದೆ, ಹಳೇದರ ತುದಿಗಳು ಮುಟ್ಟಿದ್ರೆ ಹಸಿರು ಪುಡಿ ಉದುರ್ತಿತ್ತು. ಹದಿನಾಲ್ಕೂ ಬ್ಲಾಕಿನ ನಡುವೆ ವ್ಯತ್ಯಾಸ ಏರು ಹತ್ತುವಾಗಲೂ 0.3 ವೋಲ್ಟ್ ದಾಟಿಲ್ಲ.

ಫ್ಯಾನಿನ ಬಾಯಿಗೆ ತೆಳು ಫೋಮ್ ಜಾಲರಿ ಹಾಕಿದ್ದೀನಿ. ಕಂಪನಿಯಿಂದ ಬಂದಾಗ ಅಲ್ಲಿ ಫಿಲ್ಟರ್ ಇರಲೇ ಇಲ್ಲ. ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು, ಇಲ್ಲದಿದ್ರೆ ಅದೇ ಹೊಸ ನಾಯಿ ಕೂದಲು.

ಹೆಡ್‌ಲೈಟ್ 800 ನಂಬರಿನ ಮರಳು ಕಾಗದದಿಂದ ಶುರುಮಾಡಿ 3000ದವರೆಗೆ ನೀರು ಹಾಕಿ ಉಜ್ಜಿ, ಮೇಲೆ ಯುವಿ ತಡೆಯೋ ಕ್ಲಿಯರ್ ಕೋಟ್ ಕೊಟ್ಟೆ. ಸೀಟಿನ ಫೋಮ್ ಬದಲಿಸಿದೆ, ಸ್ಟೇರಿಂಗಿಗೆ ನಾನೇ ಕೂತು ಚರ್ಮ ಹೊಲಿದೆ. ಹೊಲಿಗೆ ಡೊಂಕು. ಹತ್ತಿರದಿಂದ ನೋಡಬೇಡಿ.

ಇವಿ ಸ್ವಿಚ್ಚೂ ಹಾಕಿಯಾಯ್ತು. ಜಪಾನ್, ಯುರೋಪಿನ ಗಾಡಿಗಳಿಗೆ ಇದು ಹುಟ್ಟಿನಿಂದಲೇ ಇತ್ತು, ನನ್ನದಕ್ಕೆ ಇರಲಿಲ್ಲ. ಕಂಪ್ಯೂಟರಿನ ಒಂದು ಪಿನ್ನಿಗೆ ವೈರ್ ಎಳೆದು ಬಟನ್ ಕೊಟ್ರೆ ಸಾಕು. ಇಂಜಿನ್ ಬಿಸಿಯಾಗಿ, ಬ್ಯಾಟರಿ ತುಂಬಿದ್ದು, ನಿಧಾನ ಹೋದ್ರೆ ಒಂದೆರಡು ಕಿಮೀ. ರಾತ್ರಿ ತಡವಾಗಿ ಬಂದಾಗ ಯಾರನ್ನೂ ಎಬ್ಬಿಸದೆ ಗಾಡಿ ಒಳಗೆ ತರೋಕೆ ಅಷ್ಟು ಸಾಕು.

ಪ್ಲಗ್-ಇನ್ ಬಗ್ಗೆ ಯಾರಿಗಾದರೂ ಅನುಭವ ಇದ್ಯಾ?

#23 · ವೋಲ್ಟಮ್ಮ

2004ರಲ್ಲೇ ಅಮೆರಿಕದ ಕ್ಯಾಲ್‌ಕಾರ್ಸ್ ಅನ್ನೋ ತಂಡ ಇದೇ ತಲೆಮಾರಿನ ಪ್ರಿಯಸ್‌ಗೆ ಸೀಸ-ಆಮ್ಲ ಬ್ಯಾಟರಿ ಸೇರಿಸಿ ಪ್ಲಗ್-ಇನ್ ಮಾಡಿ ತೋರಿಸಿತ್ತು. ಆಗದ ಕೆಲಸ ಅಲ್ಲ. ಆದರೆ ಈ ಗಾಡಿ ಸುಮಾರು 67 ಕಿಮೀ ವೇಗ ದಾಟಿದ್ರೆ ಇಂಜಿನ್ ತಿರುಗಲೇಬೇಕು, ಇಲ್ಲದಿದ್ರೆ ಗೇರ್ ಡಬ್ಬಿಯ ಸಣ್ಣ ಮೋಟರ್ ಮಿತಿ ಮೀರಿ ಸುತ್ತುತ್ತೆ. ಎಷ್ಟೇ ಬ್ಯಾಟರಿ ತುಂಬಿದ್ರೂ ಆ ಗೋಡೆ ದಾಟೋಕಾಗಲ್ಲ. ಡಿಕ್ಕಿ ತುಂಬ ಬ್ಯಾಟರಿ ಹೊತ್ತು, ಹಿಂದಿನ ಸ್ಪ್ರಿಂಗ್ ಕುಸಿದು... ನಿಮ್ಮ ಲೋವರಿಂಗ್ ಆಸೆ ಮಾತ್ರ ಪುಕ್ಕಟೆ ಈಡೇರುತ್ತೆ.

#24 · ಎರಡನೇ ಗೇರು

ಪ್ಲಗ್-ಇನ್ ಬಿಡ್ರಿ, ಉಲ್ಟಾ ಮಾಡ್ರಿ. ಗಾಡಿಯಿಂದ ಮನಿಗೆ ಕರೆಂಟ್ ತಗೋರಿ. 12 ವೋಲ್ಟ್ ಬ್ಯಾಟರಿಗೆ ದಪ್ಪನ್ ವೈರು, ಫ್ಯೂಸು, ಒಂದು ಪ್ಯೂರ್ ಸೈನ್ ಇನ್ವರ್ಟರ್. ಗಾಡಿ ರೆಡಿಯಾಗ ಇಟ್ರ ಒಂದು ಕಿಲೋವ್ಯಾಟ್ ಒಳಗ ಫ್ರಿಜ್ಜು, ಲೈಟು ಎಲ್ಲಾ ನಡೀತಾವ. ಬ್ಯಾಟರಿ ಇಳಿದಂಗ ಇಂಜಿನ್ ತಾನ ಎದ್ದು ಚಾರ್ಜ್ ಮಾಡಿ ತಾನ ಮಲಗತೈತಿ. ಬಯಲಾಗ ನಿಲ್ಲಿಸ್ರಿ ಮತ್ತ, ಮುಚ್ಚಿದ ಜಾಗದಾಗ ಬ್ಯಾಡ. ಹೊಗಿ ಜೀವಾ ತಗೀತೈತಿ.

#25 · ಹಳೇಗಾಲಿ

ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ವೈರು ತಂದಿದ್ದೀನಿ, ಮುಂದಿನ ವಾರ.

ನೀರಿನ ಗುಟ್ಟೂ ಸಿಕ್ತು. ಗಾಡಿ ಒಳಗೆ ಟಾರ್ಚ್ ಹಿಡಿದು ನಾನು ಮಲಗಿ, ಮಗಳ ಕೈಗೆ ಹೊರಗಿಂದ ಪೈಪ್ ಕೊಟ್ಟೆ. ಮೇಲ್ಛಾವಣಿಯ ಅಂಚಿನ ಪಟ್ಟಿ ಕೆಳಗೆ ಸೀಲಂಟ್ ಬಿರುಕು ಬಿಟ್ಟು, ಅಲ್ಲಿಂದ ಹನಿಹನಿಯಾಗಿ ಬಲಗಡೆ ಒಳಮೈಯಲ್ಲಿ ಇಳಿದು 12 ವೋಲ್ಟ್ ಬ್ಯಾಟರಿ ಗುಂಡಿಗೆ. ಹಳೇದು ಕೆರೆದು ಹೊಸ ಸೀಲಂಟ್ ಹಾಕಿದೆ.

ಅದನ್ನ ನೋಡೋಕೆ ಬಲಗಡೆ ಪ್ಲಾಸ್ಟಿಕ್ ಪೂರ್ತಿ ಬಿಚ್ಚಿದ್ದೆ ಅಲ್ವಾ. ಫ್ಯಾನ್ ಪೈಪಿನ ಹಿಂದೆ, ಹೊರಗಿನ ತಗಡಿಗೂ ಒಳಗಿನ ತಗಡಿಗೂ ನಡುವೆ ಒಂದು ತಗ್ಗು ಇದೆ. ಅಲ್ಲಿ ಟಾರ್ಚಿಗೆ ಏನೋ ಹೊಳೀತು. ಮ್ಯಾಗ್ನೆಟ್ ಕಡ್ಡಿ ಇಳಿಸಿ ಎಳೆದೆ.

8 ಎಂಎಂ ಸಾಕೆಟ್. ಒಂದು ಪಕ್ಕ ತುಕ್ಕು, ಇನ್ನೊಂದು ಪಕ್ಕ ತಗಡಿಗೆ ಬಡಿದು ಬಡಿದು ಕನ್ನಡಿ.

#26 · ಪಾನಾ ನಂ 10

ಬಸ್ ಬಾರ್ ನಟ್ಟಿನ ಅಳತೆ!! ಮಾರ್ಕರ್ ಮಹಾಶಯನದ್ದೇ.

#27 · ತೇಲುಮೋಡ

ಎಡಕ್ಕೆ ತಿರುಗಿಸುವಾಗ ಬಲಕ್ಕೆ ಜಾರಿ ತಗಡಿಗೆ ಬಡೀತಿತ್ತು ಅಂತಾಯ್ತು. ಪಾಪ, ಅವರು ಮನೆಯಿಡೀ ಹುಡುಕಿರ್ಬೇಕು ಮಾರಾಯ್ರೆ.

#28 · ಹಳೇಗಾಲಿ

ಎಡಕ್ಕೆ ತಿರುಗಿಸಿ ನೋಡಿದೆ, ಈಗ ಸದ್ದಿಲ್ಲ. ಸಾಕೆಟ್ ನನ್ನ ಟೂಲ್ ಬಾಕ್ಸಿಗೆ ಸೇರಿತು. ನನ್ನ 8 ಎಂಎಂ ಮಾತ್ರ ಹೋದ ತಿಂಗಳಿಂದ ಕಾಣ್ತಿಲ್ಲ.